133 ಲೈನಿನ ಫೋಟೋ, 300 ಡಿಪಿಐ ಫೈಲು: ಮಾಟುಂಗದ ಒಂದು ಪ್ರಕರಣ

ಮೊದಲು ಬಂದ ದೂರು ಫೋಟೋದ್ದಲ್ಲ, ದನದ್ದು.

ನಮ್ಮ ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸಿ, ಅಕ್ಷರಗಳನ್ನು ಕಂಪ್ಯೂಟರ್‌ನಿಂದ ಓದಿಸುವ ಕೆಲಸ ನಡೆದಿತ್ತು. ಅರವತ್ತರ ದಶಕದ ಕೊನೆಯ ಒಂದು ಸಂಚಿಕೆಯಲ್ಲಿ ‘ಧನ ಸಹಾಯ ಮಾಡಿದವರು’ ಎಂಬ ಪಟ್ಟಿ ಇದೆ. ಕಂಪ್ಯೂಟರ್ ಅದನ್ನು ‘ದನ ಸಹಾಯ ಮಾಡಿದವರು’ ಎಂದು ಓದಿಬಿಟ್ಟಿತು. ಆ ಪಟ್ಟಿಯಲ್ಲಿದ್ದವರ ಮೊಮ್ಮಕ್ಕಳು ಇಂದಿಗೂ ಮುಂಬಯಿಯಲ್ಲೇ ಇದ್ದಾರೆ, ಸಂಘದ ಸದಸ್ಯರೂ ಹೌದು. ಕಾರ್ಯದರ್ಶಿ ಅಕ್ಕ ಫೋನ್ ಮಾಡಿ, ‘ನೀನು ಇಮೇಜ್ ಪ್ರೊಸೆಸಿಂಗ್ ಕೆಲಸದಲ್ಲಿ ಇದ್ದೀಯಲ್ಲ, ಇದು ನಿನ್ನ ಖಾತೆ, ಬಂದು ನೋಡು’ ಎಂದರು.

ಭಾನುವಾರ ಡೊಂಬಿವಲಿಯಿಂದ ಮಾಟುಂಗಕ್ಕೆ ಹೋದೆ. ಸಂಘದ ಮೇಜಿನ ಮೇಲೆ ಪ್ರಿಂಟ್‌ಔಟುಗಳನ್ನು ಹರಡಿದ್ದರು. ಎರಡನೇ ದೂರು ಅಲ್ಲಿ ಕಾದಿತ್ತು. ಸ್ಥಾಪಕ ಅಧ್ಯಕ್ಷರ ದೊಡ್ಡ ಫೋಟೋದ ಮೇಲೆ ಮೀನಿನ ಬಲೆ ಹಾಸಿದಂಥ ಒಂದು ವಿನ್ಯಾಸ. ಕೆನ್ನೆ, ಪೇಟ, ಹಿಂದಿನ ಗೋಡೆ, ಎಲ್ಲದರ ಮೇಲೂ. ಮೂಲ ಪುಸ್ತಕ ತೆರೆದು ನೋಡಿದರೆ ಬಲೆಯೇ ಇಲ್ಲ. ಬೇರೆ ಪುಟಗಳ ಫೋಟೋಗಳಲ್ಲೂ ಬಲೆ ಇತ್ತು, ಆದರೆ ಒಂದೊಂದರಲ್ಲಿ ಒಂದೊಂದು ಅಳತೆ.

ಪಕ್ಕದಲ್ಲಿ ಪ್ರೆಸ್ ಮಾಮ ಕೂತಿದ್ದರು. ಸಂಘದಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೇ. ಉಡುಪಿ ಕಡೆಯವರು, ಈಗ ಎಂಬತ್ತರ ಹತ್ತಿರ. ಹುಡುಗನಾಗಿ ಬಂದು ಫೋರ್ಟ್‌ನ ಪ್ರೆಸ್ಸೊಂದರಲ್ಲಿ ಮಸಿ ಹಚ್ಚುವುದರಿಂದ ಶುರು ಮಾಡಿ ಫೋರ್‌ಮನ್ ಆಗಿ ನಿವೃತ್ತರಾದವರು. ಪ್ರಿಂಟ್‌ಔಟನ್ನು ದೂರ ಹಿಡಿದು ನೋಡಿ, ‘ಎಂತ ಮಾರಾಯ, ಅಧ್ಯಕ್ಷರನ್ನು ಬಲೆ ಹಾಕಿ ಹಿಡಿದದ್ದಾ?’ ಎಂದರು.

ಸ್ಕ್ಯಾನ್ ಮಾಡಿದ್ದು ಹೊರಗಿನ ಒಂದು ಅಂಗಡಿ. ಆರ್ಡರ್ ಪತ್ರದಲ್ಲಿ ‘300 ಡಿಪಿಐ ಫೈಲ್ ಬೇಕು’ ಎಂದಿತ್ತು. ಡಿಪಿಐ ಎಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ, ಫೈಲಿನಲ್ಲಿ ಆ ಚುಕ್ಕಿಯೇ ಪಿಕ್ಸೆಲ್. ಆ ಪತ್ರ ಬರೆದುಕೊಟ್ಟವನು ನಾನೇ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಫೈಲ್ ತೆರೆದು ನೋಡಿದೆ. 300 ಎಂದೇ ಬರೆದಿತ್ತು. ಲೆಕ್ಕವೂ ಹಾಕಿದೆ. ಪುಟದ ಅಳತೆ 18.5 ಸೆಂಟಿಮೀಟರ್‌ಗೆ 24. ಇಂಚಿಗೆ 300ರಂತೆ 2185 ಪಿಕ್ಸೆಲ್ ಅಗಲ, 2835 ಎತ್ತರ ಇರಬೇಕು. ಅಷ್ಟೇ ಇತ್ತು. ಅಂಗಡಿಯವರ ಮೇಲೆ ಅನುಮಾನ ಪಡಲು ಕಾರಣವೇ ಸಿಗಲಿಲ್ಲ.

ಬಲೆಯ ಅಳತೆ

ಇಂಥ ಹೊತ್ತಿನಲ್ಲಿ ನಾನು ಮೊದಲು ಮಾಡುವುದು ಸ್ಕೇಲ್ ತೆಗೆದುಕೊಳ್ಳುವುದು. ನಿಜ ಅಳತೆಯ ಪ್ರಿಂಟ್‌ಔಟ್ ಮೇಲೆ ಅಡ್ಡಕ್ಕೆ ಬಲೆಯ ಹತ್ತು ಗೂಡು ಅಳೆದೆ. 43 ಮಿಲಿಮೀಟರ್. ಅಂದರೆ ಒಂದು ಇಂಚಿನಲ್ಲಿ ಸುಮಾರು ಆರು ಸಲ ಕಪ್ಪಾಗಿ ಬಿಳಿಯಾಗಿ ಮತ್ತೆ ಕಪ್ಪಾಗುತ್ತದೆ.

ಸ್ಪೇಷಿಯಲ್ ಫ್ರೀಕ್ವೆನ್ಸಿ ಎಂದರೆ ಇಷ್ಟೇ. ರೇಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸುತ್ತೇವೆ, ಚಿತ್ರದಲ್ಲಿ ಇಂಚಿಗೋ ಮಿಲಿಮೀಟರಿಗೋ ಎಷ್ಟು ಸಲ ಎಂದು ಎಣಿಸುತ್ತೇವೆ. ಕಪ್ಪಿನಿಂದ ಹೊರಟು ಮತ್ತೆ ಕಪ್ಪಿಗೆ ಬಂದರೆ ಒಂದು ಸುತ್ತು. ಪುಸ್ತಕಗಳು ಇದಕ್ಕೆ ಸೈಕಲ್ ಎನ್ನುತ್ತವೆ. ನಾನು ಸುತ್ತು ಎಂದೇ ಬರೆಯುತ್ತೇನೆ, ಇಲ್ಲದಿದ್ದರೆ ಪೆಡಲ್ ನೆನಪಾಗುತ್ತದೆ.

ಮನೆಗೆ ಬಂದು ಫೋಟೋದ ಒಂದು ಭಾಗವನ್ನು, 512 ಪಿಕ್ಸೆಲ್ ಚೌಕ, ಕತ್ತರಿಸಿ ಫೂರಿಯೇ ಲೆಕ್ಕಕ್ಕೆ ಹಾಕಿದೆ. ಅದನ್ನು ಬೇಗ ಮಾಡಲು ಕೂಲಿ ಮತ್ತು ಟ್ಯೂಕಿ ಎಂಬ ಇಬ್ಬರು ಗಣಿತಜ್ಞರು 1965ರಲ್ಲಿ ಪ್ರಕಟಿಸಿದ ವಿಧಾನ ಅದು. ಕಂಪ್ಯೂಟರಿನಲ್ಲಿ ಚಿತ್ರದ ಕೆಲಸ ಮಾಡುವವರಿಗೆ ಇಂದಿಗೂ ಅದೇ ಅನ್ನ. ಚಿತ್ರದಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟೆಷ್ಟು ಇದೆ ಎಂದು ಅದು ಇನ್ನೊಂದು ಚಿತ್ರ ಮಾಡಿ ತೋರಿಸುತ್ತದೆ. ನಡುವೆ ನಿಧಾನದ ಬದಲಾವಣೆ, ಅಂಚಿನ ಕಡೆ ಚಿಕ್ಕ ಚಿಕ್ಕ ವಿವರ.

ನಡುವಿನ ಹತ್ತಿರ ನಾಲ್ಕು ಮೂಲೆಗೆ ನಾಲ್ಕು ಹೊಳೆಯುವ ಚುಕ್ಕಿ ಇದ್ದವು, ನಡುವಿನಿಂದ ಎಣಿಸಿದರೆ ಅಡ್ಡಕ್ಕೆ ಹತ್ತನೇ ಮನೆ, ಉದ್ದಕ್ಕೆ ಹತ್ತನೇ ಮನೆ. ಇಲ್ಲಿ ಸಿಗುವ ಸಂಖ್ಯೆ ಪಿಕ್ಸೆಲ್ ಲೆಕ್ಕದ್ದು. 10 ಭಾಗಿಸು 512, ಪಿಕ್ಸೆಲ್ಲಿಗೆ 0.0195 ಸುತ್ತು. ಅದನ್ನು 300ರಿಂದ ಗುಣಿಸಿದರೆ ಇಂಚಿಗೆ 5.86. ಸ್ಕೇಲು ಹೇಳಿದ್ದಕ್ಕೆ ತಾಳೆಯಾಯಿತು. ಬಲೆಯ ಗುರುತು ಸಿಕ್ಕಿತು.

ಆದರೆ ನನ್ನ ಕಣ್ಣು ಚುಕ್ಕಿಗಳ ಮೇಲೆ ನಿಲ್ಲಲಿಲ್ಲ. ಸುತ್ತಲಿನ ಕತ್ತಲೆಯ ಮೇಲೆ ನಿಂತಿತು. ನಡುವೆ ಒಂದು ಬೆಳಗಿದ ಚೌಕ. ಅದರ ಆಚೆ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಚೌಕದ ಅಂಚು ಪಿಕ್ಸೆಲ್ಲಿಗೆ 0.167 ಸುತ್ತಿನ ಹತ್ತಿರ ಚಾಕುವಿನಲ್ಲಿ ಕೊಯ್ದಂತೆ ನಿಂತಿತ್ತು. ಯಾವ ಡಿಜಿಟಲ್ ಚಿತ್ರವಾದರೂ ಪಿಕ್ಸೆಲ್ಲಿಗೆ ಅರ್ಧ ಸುತ್ತಿನವರೆಗೆ ವಿವರ ಹೊರಬಲ್ಲದು. ಒಂದು ಸುತ್ತಿಗೆ ಒಂದು ಕಪ್ಪು ಒಂದು ಬಿಳಿ ಬೇಕು, ಅಂದರೆ ಕನಿಷ್ಠ ಎರಡು ಪಿಕ್ಸೆಲ್. ನೈಕ್ವಿಸ್ಟ್ ಮಿತಿ ಎನ್ನುವುದು ಇದನ್ನೇ. ಈ ಫೈಲು ಮಾತ್ರ ಆ ಅರ್ಧದ ಮೂರನೇ ಒಂದು ಭಾಗದಲ್ಲೇ ಉಸಿರು ಬಿಟ್ಟಿತ್ತು.

0.167 ಗುಣಿಸು 300, ಇಂಚಿಗೆ 50 ಸುತ್ತು. 50ಕ್ಕೆ ಮಿತಿ ಬರುವುದು ಇಂಚಿಗೆ 100 ಪಿಕ್ಸೆಲ್‌ನಲ್ಲಿ ಸ್ಕ್ಯಾನ್ ಮಾಡಿದಾಗ. ಅಂದರೆ ಈ ಪುಟ ಹುಟ್ಟಿದ್ದು 728ಕ್ಕೆ 945 ಪಿಕ್ಸೆಲ್‌ನಲ್ಲಿ. ಆಮೇಲೆ ಯಾರೋ ಅದನ್ನು ಸಾಫ್ಟ್‌ವೇರ್‌ನಲ್ಲಿ ಮೂರು ಪಟ್ಟು ಹಿಗ್ಗಿಸಿದ್ದಾರೆ. ಒಂಬತ್ತು ಪಿಕ್ಸೆಲ್‌ನಲ್ಲಿ ಒಂದು ಕಾಗದದಿಂದ ಬಂದದ್ದು, ಎಂಟು ಪಕ್ಕದವರನ್ನು ನೋಡಿ ಊಹೆಯಿಂದ ತುಂಬಿದ್ದು. ಹಾಲಿಗಿಂತ ನೀರು ಜಾಸ್ತಿ.

ದನದ ಕಥೆ ಅಲ್ಲಿಗೇ ಮುಗಿಯಿತು. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಹೊಟ್ಟೆಯಡಿಯ ಒಂದು ಸಣ್ಣ ಸೀಳು. ಇಂಚಿಗೆ 100 ಎಂದರೆ ಒಂದು ಪಿಕ್ಸೆಲ್ ಕಾಲು ಮಿಲಿಮೀಟರ್. ಆ ಸೀಳು ಅದಕ್ಕಿಂತ ತೆಳ್ಳಗಿದ್ದರೆ ಮಹಾಪ್ರಾಣ ಹೋದಂತೆಯೇ.

ನಾನು ಒಂದು ವಾರ ಕಳೆದುಕೊಂಡದ್ದು

ಬಲೆ ಮಾತ್ರ ಬಿಡಿಸಿಕೊಳ್ಳಲಿಲ್ಲ. ಹಳೆಯ ಅಚ್ಚಿನ ಫೋಟೋ ಎಂದರೆ ಮಸಿಯ ಸಣ್ಣ ದೊಡ್ಡ ಚುಕ್ಕಿಗಳ ಸಾಲು, ಅದು ಗೊತ್ತೇ ಇದೆ. ಸಾಲುಗಳು ಎಷ್ಟು ಒತ್ತಾಗಿವೆ ಎಂಬುದನ್ನು ಪ್ರೆಸ್ಸಿನವರು ಇಂಚಿಗೆ ಇಷ್ಟು ಲೈನಿನ ಸ್ಕ್ರೀನ್ ಎಂದು ಹೇಳುತ್ತಾರೆ. ಮಾಮನಿಗೆ ಫೋನ್ ಮಾಡಿ ಎಷ್ಟು ಲೈನಿನ ಬ್ಲಾಕ್, ಅಂದರೆ ಫೋಟೋದ ಅಚ್ಚು, ಇರಬಹುದು ಎಂದು ಕೇಳಿದೆ. ‘ಆರ್ಟ್ ಪೇಪರ್ ಅಲ್ವಾ? ಹಾಗಾದರೆ 133 ಸ್ಕ್ರೀನ್. ಪತ್ರಿಕೆ ಕಾಗದಕ್ಕೆ 65 ಹಾಕುತ್ತಿದ್ದದ್ದು’ ಎಂದರು. ಅನುಮಾನವೇ ಇಲ್ಲದ ದನಿ.

ಇಂಚಿಗೆ 133 ಲೈನ್. ನನ್ನ ಕೆಲಸದಲ್ಲಿ ಲೈನ್ ಎಂದರೆ ಒಂದು ಗೆರೆ, ಕಪ್ಪೋ ಬಿಳಿಯೋ. ಟಿವಿ, ಕ್ಯಾಮೆರಾ ಪರೀಕ್ಷೆಗಳಲ್ಲಿ ಹಾಗೆಯೇ ಎಣಿಸುವುದು. ಎರಡು ಗೆರೆ ಸೇರಿದರೆ ಒಂದು ಲೈನ್ ಪೇರ್, ಒಂದು ಸುತ್ತು. ಹಾಗಾಗಿ 133ನ್ನು ಅರ್ಧ ಮಾಡಿದೆ, 66.5 ಸುತ್ತು. ಒಂದೇ ಬಣ್ಣದ ಬ್ಲಾಕಿನಲ್ಲಿ ಚುಕ್ಕಿಯ ಸಾಲುಗಳನ್ನು 45 ಡಿಗ್ರಿ ಓರೆಯಾಗಿ ಇಡುತ್ತಾರೆ. ಓರೆ ಸಾಲು ಕಣ್ಣಿಗೆ ಕಡಿಮೆ ಚುಚ್ಚುತ್ತದೆ ಎಂಬುದೇ ಕಾರಣ. ಓರೆಯನ್ನು ಅಡ್ಡ ಮತ್ತು ಉದ್ದಕ್ಕೆ ಬಿಡಿಸಿದರೆ ಒಂದೊಂದು ದಿಕ್ಕಿಗೆ 1.414ರಿಂದ ಭಾಗಿಸಬೇಕು. ಬಂದದ್ದು 47.

47 ಎಂಬುದು 50ರ ಬೇಲಿಯ ಒಳಗೇ ಇದೆ. ಹಾಗಿದ್ದರೆ ಚುಕ್ಕಿಗಳು 47ರಲ್ಲೇ ಕಾಣಬೇಕಿತ್ತು. 47ರಲ್ಲಿ ಏನೂ ಇಲ್ಲ. 6ರಲ್ಲಿ ಬಲೆ ಇದೆ. ಲೆಕ್ಕ ಕೂಡಲೇ ಇಲ್ಲ.

ಆಮೇಲೆ ಸುಮ್ನೆ ಬೇರೆ ಬೇರೆ ಕಡೆ ಅಗೆದೆ. ಫೈಲನ್ನು ಚಿಕ್ಕದು ಮಾಡುವ ಜೆಪೆಗ್ ಒತ್ತುವಿಕೆಯ ತಪ್ಪೇ ಎಂದು ನೋಡಿದೆ. ಅದು ಎಂಟೆಂಟು ಪಿಕ್ಸೆಲ್ ಚೌಕಗಳಲ್ಲಿ ಕೆಲಸ ಮಾಡುತ್ತದೆ, ಇಲ್ಲಿ ಇಂಚಿಗೆ 37.5ರಲ್ಲಿ ಗುರುತು ಬಿಡಬೇಕು, 6ರಲ್ಲಿ ಅಲ್ಲ. ಪ್ರಿಂಟರ್ ಬದಲಿಸಿ ನೋಡಿದೆ. ಪುಟದಿಂದ ಪುಟಕ್ಕೆ ಬಲೆ ಬದಲಾಗುವುದು ಇನ್ನಷ್ಟು ದಾರಿ ತಪ್ಪಿಸಿತು. ಒಂದೇ ಸ್ಕ್ಯಾನರ್, ಒಂದೇ ಪುಸ್ತಕ, ಆದರೂ ಒಂದೊಂದು ಫೋಟೋಕ್ಕೆ ಒಂದೊಂದು ಬಲೆ!

ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ, ‘ಬಿಡೋ, ನಾನೇ ಕ್ಯಾಮೆರಾದಲ್ಲಿ ಹೊಡೆದು ಕೊಡ್ತೀನಿ, ನನ್ನ ಲೆನ್ಸು ಮಿಲಿಮೀಟರಿಗೆ 60 ಲೈನ್ ಪೇರ್ ಬಿಡಿಸುತ್ತೆ’ ಎಂದ. 60 ಕೇಳಿ ಅಕ್ಕ ಖುಷಿಯಾದರು. ಎಲ್ಲಿಯ ಮಿಲಿಮೀಟರ್ ಎಂದು ಕೇಳಬೇಕಾಯಿತು. ಅದು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲಿನ ಮಿಲಿಮೀಟರ್. 18.5 ಸೆಂಟಿಮೀಟರ್ ಪುಟವನ್ನು 24 ಮಿಲಿಮೀಟರ್ ಸೆನ್ಸರಿಗೆ ಇಳಿಸಿದಾಗ ಕಾಗದದ ಲೆಕ್ಕದಲ್ಲಿ ಅದು ಮಿಲಿಮೀಟರಿಗೆ 7.8 ಆಗುತ್ತದೆ. ಕೆಟ್ಟದ್ದೇನಲ್ಲ, ನಮಗೆ ಸಾಕೂ ಆಗುತ್ತಿತ್ತು. ಆದರೆ 60 ಅಲ್ಲ.

ಮುಂದಿನ ಭಾನುವಾರ ಮಾಹಿಮ್‌ಗೆ, ಮಾಮನ ಮನೆಗೇ ಹೋದೆ. ಕಪಾಟಿನಿಂದ ಹಳೆಯ ಹಿತ್ತಾಳೆ ಮಡಚು ಲೆನ್ಸ್ ತೆಗೆದರು. ಬಟ್ಟೆಯ ನೂಲು ಎಣಿಸಲು ಹುಟ್ಟಿದ ವಸ್ತು, ಪ್ರೆಸ್ಸಿನವರ ಕೈಗೆ ಬಂದು ಚುಕ್ಕಿ ಎಣಿಸಲು ನಿಂತಿತು. ಪುಸ್ತಕದ ಮೇಲೆ ಓರೆಯಾಗಿ ಇಟ್ಟು, ಒಂದು ಸೆಂಟಿಮೀಟರಿನಲ್ಲಿ ಎಷ್ಟು ಚುಕ್ಕಿ ಎಂದು ನನ್ನಿಂದಲೇ ಎಣಿಸಿದರು. 52.

52ನ್ನು 2.54ರಿಂದ ಗುಣಿಸಿದರೆ 132. ಅವರ 133 ಸರಿ. ಆದರೆ ನಾನು ಎಣಿಸಿದ್ದು ಚುಕ್ಕಿಗಳನ್ನು. ಪ್ರತಿ ಚುಕ್ಕಿಯ ಪಕ್ಕ ಅದರದೇ ಬಿಳಿ ಜಾಗ ಇದೆ. ಒಂದು ಚುಕ್ಕಿ, ಒಂದು ಬಿಳಿ, ಸೇರಿ ಒಂದು ಸುತ್ತು.

‘ಅಲ್ಲ ಮಾಮ, ನಿಮ್ಮ ಒಂದು ಲೈನ್ ಅಂದರೆ ಕಪ್ಪು ಬಿಳಿ ಎರಡೂ ಸೇರಿಯಾ?’

‘ಮತ್ತೆ? ಬಿಳಿಗೆ ಯಾರಾದರೂ ಬೇರೆ ಲೆಕ್ಕ ಹಿಡಿಯುತ್ತಾರಾ ಮಾರಾಯ? ಮಸಿ ಹಚ್ಚುವುದು ಕಪ್ಪಿಗೆ ಮಾತ್ರ.’

ಪ್ರೆಸ್ಸಿನ ಲೈನ್ ಇಡೀ ಸುತ್ತು. ಟಿವಿಯ ಲೈನ್ ಅರ್ಧ ಸುತ್ತು. ಮಾಮ ಸರಿಯಾದ ಸಂಖ್ಯೆ ಕೊಟ್ಟಿದ್ದರು, ನಾನು ಅದನ್ನು ಸುಮ್ನೆ ಅರ್ಧಕ್ಕೆ ಕತ್ತರಿಸಿದ್ದೆ. 133 ಪೂರ್ತಿ ಇಟ್ಟುಕೊಂಡು 1.414ರಿಂದ ಭಾಗಿಸಿದರೆ 94. ಸ್ಕ್ಯಾನ್ ಆದದ್ದು ಇಂಚಿಗೆ 100. ನೂರರಲ್ಲಿ 94 ಕಳೆದರೆ ಆರು. ಬಲೆ!

ಸಮುದ್ರದ ಲೆಕ್ಕ

ಇದನ್ನು ಮಾಮನಿಗೆ ವಿವರಿಸಲು ಹೋಗಿ ಎರಡು ಸೊಳ್ಳೆ ಪರದೆ ಒಂದರ ಮೇಲೊಂದು ಇಟ್ಟರೆ ಅಲೆ ಕಾಣುವುದರಿಂದ ಶುರು ಮಾಡಿದೆ. ಅವರಿಗೆ ಅದು ಮೊದಲೇ ಗೊತ್ತು. ನಾಲ್ಕು ಬಣ್ಣದ ಪ್ಲೇಟಿನ ಕೋನ ತಪ್ಪಿದರೆ ಬರುವ ಮೊಆರೆ ಎಂಬ ಅಲೆಯ ವಿನ್ಯಾಸವನ್ನು ಅವರು ಬೈದುಕೊಂಡೇ ಬದುಕಿದವರು. ಆದರೆ ಇಲ್ಲಿ ಎರಡನೇ ಪರದೆ ಎಲ್ಲಿ ಎಂದು ಕೇಳಿದರು. ಸ್ಕ್ಯಾನರು ನೋಡುವ ಜಾಗಗಳ ಸಾಲೇ ಎರಡನೇ ಪರದೆ ಎಂದರೆ ತಲೆ ಆಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ.

ಅವರು ದಿನಾ ಬೆಳಗ್ಗೆ ಏಳಕ್ಕೆ ದಾದರ್ ಚೌಪಾಟಿ ಕಡೆ ನಡೆಯಲು ಹೋಗುತ್ತಾರೆ. ಅದನ್ನೇ ಹಿಡಿದೆ. ಸಮುದ್ರಕ್ಕೆ ಉಬ್ಬರ ಬರುವುದು ಸುಮಾರು 12 ಗಂಟೆ 25 ನಿಮಿಷಕ್ಕೆ ಒಂದು ಸಲ. ಇವತ್ತು ಏಳಕ್ಕೆ ತುಂಬಿದ್ದರೆ ನಾಳೆ ಸುಮಾರು ಏಳೂ ಐವತ್ತಕ್ಕೆ ತುಂಬುತ್ತದೆ. ಏಳು ಗಂಟೆಗೆ ಮಾತ್ರ ನೋಡುವವನಿಗೆ ನಾಳೆ ನೀರು ಸ್ವಲ್ಪ ಕಡಿಮೆ, ನಾಡಿದ್ದು ಇನ್ನಷ್ಟು ಕಡಿಮೆ. ಒಂದು ವಾರಕ್ಕೆ ಪೂರ್ತಿ ಇಳಿತ. ಹದಿನೈದು ದಿನಕ್ಕೆ ಮತ್ತೆ ತುಂಬು. ಪಂಚಾಂಗ ಗೊತ್ತಿಲ್ಲದವನು, ‘ಈ ಸಮುದ್ರ ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತದೆ’ ಎಂದೇ ಬರೆದುಕೊಳ್ಳುತ್ತಾನೆ. ಅವನು ಸುಳ್ಳು ಹೇಳಿಲ್ಲ. ನೋಡಿದ್ದನ್ನೇ ಹೇಳಿದ. ನೋಡಿದ್ದು ವಿರಳವಾಯಿತು, ಅಷ್ಟೇ.

‘ಹಾಂ, ಈಗ ಬಂತು’ ಎಂದರು ಮಾಮ. ‘ಚುಕ್ಕಿ 94 ಸಲ ಬಂದು ಹೋಗುವಾಗ ಸ್ಕ್ಯಾನರು 100 ಸಲ ಇಣುಕಿದೆ. ಹೆಚ್ಚುಕಡಿಮೆ ಚುಕ್ಕಿಗೊಂದು ಸಲ. ಹಾಗಾಗಿ ಚುಕ್ಕಿ ಕಾಣಲಿಲ್ಲ, ವ್ಯತ್ಯಾಸ ಕಂಡಿತು.’ ನಾನು ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ನಮ್ಮವರು ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಹೆಸರು ಬದಲಿಸಿಕೊಂಡು ಬಂದ ಫ್ರೀಕ್ವೆನ್ಸಿ.

ಪುಟದಿಂದ ಪುಟಕ್ಕೆ ಬಲೆ ಯಾಕೆ ಬೇರೆ ಎಂಬುದೂ ಇದರಲ್ಲೇ ಬಿಡಿಸಿಕೊಂಡಿತು. ಹಾಳೆಯನ್ನು ಗಾಜಿನ ಮೇಲೆ ಒಂದೇ ಒಂದು ಡಿಗ್ರಿ ಓರೆ ಇಟ್ಟರೂ 94 ಎಂಬುದು ಒಂದು ದಿಕ್ಕಿಗೆ 92.4, ಇನ್ನೊಂದಕ್ಕೆ 95.7 ಆಗುತ್ತದೆ. ನೂರರಿಂದ ಕಳೆದರೆ 7.6 ಮತ್ತು 4.3. ಮೂಲದಲ್ಲಿ ಕಣ್ಣಿಗೆ ತೋರದಷ್ಟು ಓರೆ. ಬಲೆಯಲ್ಲಿ ಅದು ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ.

ಇನ್ನೊಂದು ಪ್ರಶ್ನೆ ಅಕ್ಕನದು: ಪುಸ್ತಕದಲ್ಲಿ ಸಾವಿರಾರು ಚುಕ್ಕಿ ಇದ್ದರೂ ಕಾಣುವುದಿಲ್ಲ, ಬಲೆ ಮಾತ್ರ ಯಾಕೆ ಮುಖಕ್ಕೆ ಹೊಡೆಯುತ್ತದೆ? ಇಲ್ಲಿ ಅಳತೆಯೇ ಬದಲಾಗಬೇಕು. ಕಣ್ಣಿಗೆ ಇಂಚು ಗೊತ್ತಿಲ್ಲ, ಕೋನ ಗೊತ್ತು. ಹಾಗಾಗಿ ಡಿಗ್ರಿಗೆ ಎಷ್ಟು ಸುತ್ತು ಎಂದು ಎಣಿಸಬೇಕು. ಪುಸ್ತಕವನ್ನು 40 ಸೆಂಟಿಮೀಟರ್ ದೂರ ಹಿಡಿದರೆ ಒಂದು ಡಿಗ್ರಿ ಎಂದರೆ ಕಾಗದದ ಮೇಲೆ 7 ಮಿಲಿಮೀಟರ್. 133 ಲೈನಿನ ಚುಕ್ಕಿಗಳು ಡಿಗ್ರಿಗೆ ಸುಮಾರು 36 ಸುತ್ತು. ಸಾಮಾನ್ಯವಾಗಿ ಒಳ್ಳೆಯ ಕಣ್ಣು ಎನ್ನುವುದರ ಮಿತಿ 30ರ ಆಸುಪಾಸು. ಆದ್ದರಿಂದ ಚುಕ್ಕಿ ಕರಗಿ ಬೂದು ಬಣ್ಣವಾಗುತ್ತದೆ. ಬಲೆಯ ಅಡ್ಡ ಉದ್ದದ ಲೆಕ್ಕವನ್ನು ಮತ್ತೆ 1.414ರಿಂದ ಗುಣಿಸಿ ಓರೆಗೆ ತಂದರೆ ಇಂಚಿಗೆ 8.4, ಹಾಗಾಗಿ ಬಲೆಯ ಓರೆ ಎಳೆಗಳು ಡಿಗ್ರಿಗೆ 2.3 ಸುತ್ತು. ಕಣ್ಣು ತೀರಾ ಮಸುಕು ವ್ಯತ್ಯಾಸವನ್ನೂ ಹಿಡಿಯುವುದು ಡಿಗ್ರಿಗೆ ಬೆರಳೆಣಿಕೆಯಷ್ಟು ಸುತ್ತು ಇರುವಲ್ಲಿ. ಕ್ಯಾಂಪ್‌ಬೆಲ್ ಮತ್ತು ರಾಬ್ಸನ್ ಇಂಥ ಗೆರೆಗಳನ್ನು ತೋರಿಸಿ ಕಣ್ಣನ್ನು ಅಳೆದ ಹೆಸರಾಂತ ಪ್ರಬಂಧ 1968ರದ್ದು, ಹೆಚ್ಚುಕಡಿಮೆ ನಮ್ಮ ಸಂಚಿಕೆಯ ಓರಗೆ. ಸ್ಕ್ಯಾನರು ಕಣ್ಣಿಗೆ ಕಾಣದ್ದನ್ನು ತೆಗೆದು, ಕಣ್ಣಿಗೆ ಚೆನ್ನಾಗಿ ಕಾಣುವ ಜಾಗದಲ್ಲೇ ತಂದಿಟ್ಟಿತ್ತು.

ಪರೀಕ್ಷೆ, ದುರಸ್ತಿ

ಊಹೆ ಸಾಕಾಗದು. ಅಧ್ಯಕ್ಷರ ಪುಟವನ್ನು ನಾನೇ ಇಂಚಿಗೆ 600ರಲ್ಲಿ ಸ್ಕ್ಯಾನ್ ಮಾಡಿದೆ. ಬಲೆ ಇಲ್ಲ. 1024 ಪಿಕ್ಸೆಲ್ ಚೌಕವನ್ನು ಲೆಕ್ಕಕ್ಕೆ ಹಾಕಿದರೆ ಚುಕ್ಕಿಗಳು 160-161ನೇ ಮನೆಯಲ್ಲಿ, ಅಂದರೆ 94ರಲ್ಲಿ, ತಮ್ಮ ಸ್ವಂತ ಜಾಗದಲ್ಲೇ ಕೂತಿದ್ದವು. ಆಮೇಲೆ ಅದೇ ಫೈಲಿನಲ್ಲಿ ಆರಕ್ಕೊಂದು ಪಿಕ್ಸೆಲ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಸೆದೆ. ಬಲೆ ಬಂತು, ಅದೇ ಗೂಡು, ಅದೇ ಅಳತೆ. ಮತ್ತೊಮ್ಮೆ, ಎಸೆಯದೆ ಆರಾರು ಪಿಕ್ಸೆಲ್‌ಗಳ ಚೌಕದ ಸರಾಸರಿ ತೆಗೆದೆ. ಬಲೆ ಹುಡುಕಿದರೆ ಮಾತ್ರ ಕಾಣುವಷ್ಟು ಮಸುಕಾಯಿತು. ಅಂದರೆ ಅಂಗಡಿಯ ಸ್ಕ್ಯಾನ್ ಬರೀ 100ರದ್ದು ಮಾತ್ರವಲ್ಲ, ಸಾಲು ಬಿಟ್ಟು ಬಿಟ್ಟು ನೋಡುವ ಅವಸರದ ಸೆಟ್ಟಿಂಗ್‌ನದ್ದು.

ಅಕ್ಕ ಅಂಗಡಿಗೆ ಫೋನ್ ಮಾಡಿದರು. ಅವರು ಮುಚ್ಚಿಡಲಿಲ್ಲ. ಬೇಗ ಮುಗಿಯಲಿ ಎಂದು ಫಾಸ್ಟ್‌ನಲ್ಲಿ ಹಾಕಿದ್ದರು, ಪತ್ರದಲ್ಲಿ 300 ಡಿಪಿಐ ಫೈಲ್ ಎಂದಿದ್ದರಿಂದ ಕೊನೆಗೆ 300 ಮಾಡಿ ಕೊಟ್ಟರು. ಪತ್ರ ಕೇಳಿದ್ದನ್ನು ಪತ್ರಕ್ಕೆ ಕೊಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಈ 300 ಎಲ್ಲಿಂದ ಬಂತು ಎಂಬುದನ್ನೂ ಮಾಮನೇ ಹೇಳಿದರು. ಫೋಟೋವನ್ನು ಅಚ್ಚಿಗೆ ಕೊಡುವಾಗ ಸ್ಕ್ರೀನಿನ ಒಂದೂವರೆಯಿಂದ ಎರಡು ಪಟ್ಟು ಪಿಕ್ಸೆಲ್ ಇರಬೇಕು ಎಂಬುದು ಪ್ರೆಸ್ಸಿನ ರೂಢಿ. 150 ಸ್ಕ್ರೀನಿಗೆ ಎರಡು ಪಟ್ಟು, 300. ಅದು ಸ್ಟುಡಿಯೋ ಫೋಟೋಕ್ಕೆ ಮಾಡಿದ ನಿಯಮ. ಆಗಲೇ ಚುಕ್ಕಿಯಾಗಿ ಅಚ್ಚಾದ ಫೋಟೋವನ್ನು ಮತ್ತೆ ಹಿಡಿಯುವುದಕ್ಕಲ್ಲ. ಅದನ್ನು ನಾವೆಲ್ಲ ಮಂತ್ರದ ಹಾಗೆ ಎಲ್ಲ ಕಡೆ ಹೇಳುತ್ತೇವೆ.

ಇರುವ ಫೈಲಿನಿಂದಲೇ ಬಲೆ ತೆಗೆಯಬಹುದಲ್ಲ ಎಂದು ಅಕ್ಕ ಕೇಳಿದರು, ಮತ್ತೆ ಸ್ಕ್ಯಾನ್ ಎಂದರೆ ಖರ್ಚು. ಪ್ರಯತ್ನಿಸಿದೆ. ಫೂರಿಯೇ ಚಿತ್ರದ ಆ ನಾಲ್ಕು ಹೊಳೆಯುವ ಚುಕ್ಕಿಗಳನ್ನು ಅಳಿಸಿದರೆ ಬಲೆ ಹೋಗುತ್ತದೆ. ಜೊತೆಗೆ ಅಧ್ಯಕ್ಷರೂ ಹೋಗುತ್ತಾರೆ. ಫೋಟೋದಲ್ಲಿ ಅವರ ಮುಖದ ಅಗಲ ಒಂದು ಇಂಚು. ಬಲೆಯ ಓರೆ ಎಳೆ ಇಂಚಿಗೆ 8.4 ಸುತ್ತು. ನಾವು ಒಬ್ಬರ ಮುಖ ಗುರುತಿಸಲು ಹೆಚ್ಚು ನೆಚ್ಚುವುದು ಮುಖದ ಅಗಲಕ್ಕೆ ಸುಮಾರು 8ರಿಂದ 16 ಸುತ್ತಿನ ವಿವರಗಳನ್ನು. ಬಲೆ ಕೂತದ್ದು ಅದೇ ಮನೆಯಲ್ಲಿ. ಅಳಿಸಿದ ಮೇಲೆ ಉಳಿದದ್ದು ಮೇಣದ ಗೊಂಬೆ. ಚುಕ್ಕಿ 94ರಲ್ಲಿ ಇರುವಾಗ ತೆಗೆದರೆ ಯಾರಿಗೂ ನೋವಿಲ್ಲ. ಅದು 6ಕ್ಕೆ ಇಳಿದು ಮುಖದೊಳಗೆ ಸೇರಿಕೊಂಡ ಮೇಲೆ ಬೇರ್ಪಡಿಸಲು ಆಗದು. ಹಾಗಾಗಿ ಎಲ್ಲ ಪುಟವೂ ಮತ್ತೆ 600ರಲ್ಲಿ. ಫೋಟೋ ಪುಟಗಳಿಗೆ ಮಾತ್ರ ಆಮೇಲೆ ಚುಕ್ಕಿ ಅಳಿಸಿ 300ಕ್ಕೆ ಇಳಿಸುವುದು.

ಹೊಸ ಆರ್ಡರ್ ಪತ್ರವನ್ನು ಈ ಸಲ ಮೂವರೂ ಕೂತು ಬರೆದೆವು. ಡಿಪಿಐ ಪದವನ್ನೇ ಬಿಟ್ಟೆ. ‘ಕಾಗದದ ಮೇಲೆ ಮಿಲಿಮೀಟರಿಗೆ 6 ಲೈನ್ ಪೇರ್ ಬಿಡಿಸಿ ಕಾಣಬೇಕು’ ಎಂದು ಬರೆದೆ. ಸ್ಕ್ರೀನು ಮಿಲಿಮೀಟರಿಗೆ 5.24, ಅದಕ್ಕಿಂತ ಸ್ವಲ್ಪ ಮೇಲೆ. ಅಕ್ಕ ಓದಿ, ‘ಆ ಹುಡುಗನಿಗೆ ಇದನ್ನ ಮರಾಠಿಯಲ್ಲಿ ಹೇಗೋ ಹೇಳೋದು?’ ಎಂದರು.

ಮಾಮ ಮೇಜಿನ ಡ್ರಾಯರಿನಿಂದ ಒಂದು ಸ್ಟೀಲ್ ಸ್ಕೇಲ್ ತೆಗೆದರು. ಅದರ ಒಂದು ಅಂಚಿನಲ್ಲಿ ಅರ್ಧ ಮಿಲಿಮೀಟರಿನ ಗೆರೆಗಳಿವೆ. ಮಿಲಿಮೀಟರಿಗೆ ಎರಡು ಸುತ್ತು, ಇಂಚಿಗೆ 50.8. ಇಂಚಿಗೆ 100ರ ಸ್ಕ್ಯಾನಿನಲ್ಲಿ ಅವು ಬೇಲಿಯ ಆಚೆ ಬೀಳುತ್ತವೆ, ಕಲಸಿಹೋಗುತ್ತವೆ. ಆಮೇಲೆ ಎಷ್ಟು ಹಿಗ್ಗಿಸಿದರೂ ವಾಪಸ್ ಬರುವುದಿಲ್ಲ. ಆರು ಲೈನ್ ಪೇರಿಗೆ ಇದು ಪರೀಕ್ಷೆಯಲ್ಲ, ಆದರೆ ನೀರು ಬೆರೆಸಿದ್ದನ್ನು ಹಿಡಿಯಲು ಸಾಕು.

‘ಪ್ರತಿ ಪುಟದ ಪಕ್ಕ ಈ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡು, ಗೆರೆ ಎಲ್ಲ ಎಣಿಸಲಿಕ್ಕೆ ಆದರೆ ದುಡ್ಡು, ಇಲ್ಲದಿದ್ದರೆ ಇಲ್ಲ ಅಂತ ಹೇಳಿ’ ಎಂದರು ಮಾಮ. ‘ಮತ್ತೆ ಆ ಸ್ಕೇಲ್ ವಾಪಸ್ ತೆಗೆದುಕೊಂಡು ಬನ್ನಿ. ಅದು ನನ್ನದು.’